ನೀರಿಗಿಂತ ಮೊದಲು ಬರುವ ಸದ್ದು

ನನ್ನ ತಮ್ಮ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ನಾವು ಅವನು ಬಿಟ್ಟ ನೀರನ್ನೇ ಹಿಡಿಯುತ್ತಿದ್ದೆವು. ಅವನು ಊರಿನ ಕುಡಿಯುವ ನೀರಿನ ಟ್ಯಾಂಕಿನ ಕಾವಲುಗಾರ; ಮಲಗುವುದೂ ಅಲ್ಲೇ. ನೀರಿಗೆ ಬ್ಲೀಚಿಂಗ್ ಪುಡಿ ಬೆರೆಸಿದ ಮೇಲೆ ಸ್ಪ್ಯಾನರಿನಿಂದ ಪೈಪಿಗೆ ಬಡಿಯುತ್ತಿದ್ದ. ಆ ಸದ್ದು ನಲ್ಲಿಯಲ್ಲಿ ಕೇಳಿದ ಮೇಲೆಯೇ ಅವನ ಹೆಂಡತಿ ಕೊಡ ಇಡುತ್ತಿದ್ದಳು. ಅಂದೂ ಸದ್ದು ಕೇಳಿತ್ತು. ಆದರೆ ಅವನ ಪ್ರಾಣ ಹಿಂದಿನ ಸಂಜೆಯೇ ಹೋಗಿತ್ತೆಂದು ವೈದ್ಯರು ಹೇಳಿದರು.

ಅಂತ್ಯಕ್ರಿಯೆಯ ಮರುದಿನವೂ ಸದ್ದು ಬಂತು, ಹಿಂದೆಯೇ ನೀರು ಬಂತು. ಪುಡಿಯ ಘಾಟು ಎಂದಿನಂತೆಯೇ ಇತ್ತು. ನೀರು ಮಾತ್ರ ಕೈ ಜೋಮು ಹಿಡಿಯುವಷ್ಟು ತಣ್ಣಗಿತ್ತು.

"ಭಾವ, ಇದು ಅವರದೇ ಕೈ," ಎಂದಳು ತಮ್ಮನ ಹೆಂಡತಿ.

ನಾನು ಟ್ಯಾಂಕಿಗೆ ಓಡಿದೆ. ವಾಲ್ವಿನ ಕೋಣೆಗೆ ಬೀಗ ಹಾಕಿತ್ತು, ತಮ್ಮ ಸತ್ತ ದಿನದಿಂದ ಅದರ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಒಳಗೆ ಹಳೆಯ ಪುಡಿಚೀಲ ಮೊದಲೇ ಖಾಲಿಯಾಗಿತ್ತು, ಹೊಸದರ ಹೊಲಿಗೆ ಬಿಚ್ಚಿರಲಿಲ್ಲ. ಸ್ಪ್ಯಾನರ್ ಒದ್ದೆಯಾಗಿತ್ತು.

ಬೇರೆ ಆಳನ್ನು ನೇಮಿಸಿ ಎಂದು ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಯಿತು. ಇಂಜಿನಿಯರು ನೀರು ಪರೀಕ್ಷಿಸಿ ನಕ್ಕರು.

"ಯಜಮಾನ್ರೇ, ನೀರು ಚೊಕ್ಕವಾಗಿದೆ. ಯಾರೋ ಮಾಡ್ತಿದ್ದಾರಲ್ಲ, ಮತ್ತೆ ಆಳು ಯಾಕೆ?"

"ಯಾರು ಮಾಡ್ತಿರೋದು ಅಂತ ನೀವೇ ಬಂದು ನೋಡಿ ಸ್ವಾಮೀ!"

"ನೀರು ಬರ್ತಿದೆ ತಾನೇ? ಕುಡೀರಿ, ಸುಮ್ನಿರಿ."

ಬದುಕಿದ್ದಾಗ ಅವನಿಗೆ ಒಂದು ದಿನ ರಜೆ ಕೊಡದವರು ಸತ್ತ ಮೇಲೂ ದುಡಿಸುತ್ತಿದ್ದಾರೆ. ಇವತ್ತೂ ಬಡಿತ ಕೇಳಿತು. ಈಗೀಗ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ, ದಣಿದವನು ಸುಧಾರಿಸಿಕೊಳ್ಳುವಷ್ಟು ಹೊತ್ತು ಹಿಡಿಯುತ್ತದೆ.

ದೇವರೇ, ಈ ನೀರು ಕಾಯಲು ಬದುಕಿರುವವನೊಬ್ಬನನ್ನು ಕಳಿಸು. ನನ್ನ ತಮ್ಮನನ್ನು ಇನ್ನಾದರೂ ನೆಮ್ಮದಿಯಾಗಿ ಮಲಗಲು ಬಿಡು.