ಆರು ಡಿಗ್ರಿ

"ನಿಲ್ಲೇ! ನಿಲ್ಲು ಅಂದ್ರೆ!"

ಆಕೆ ನಿಲ್ಲಲಿಲ್ಲ. ಕೆಂಪು ಐಸ್ ಬಾಕ್ಸನ್ನು ಎದೆಗವಚಿಕೊಂಡು ಆಸ್ಪತ್ರೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದಳು. ನಾನು ಬೆನ್ನು ಹತ್ತಿದೆ. ಗೇಟು ದಾಟಿ ರಸ್ತೆಗೆ ನುಗ್ಗಿದಳು. ಬಸ್ಸೊಂದು ಕಿರ್ರೆಂದು ಬ್ರೇಕ್ ಹಾಕಿತು. ಅದರ ಡ್ರೈವರ್ ನಮ್ಮಿಬ್ಬರ ವಂಶವನ್ನೆಲ್ಲ ಜಾಲಾಡಿದ. ಆಚೆ ಫುಟ್‌ಪಾತಿನಲ್ಲಿ ಅವಳ ರಟ್ಟೆ ಕೈಗೆ ಸಿಕ್ಕಿತು...

ಹಿಡಿದೆ!

ಜಂಬ ಕೊಚ್ಚುತ್ತಿದ್ದೇನೆ ಅಂದುಕೊಳ್ಳಬೇಡಿ. ನೆನೆದರೆ ಇವತ್ತಿಗೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ. ಆದರೂ ಪೂರ್ತಿ ಕೇಳಿ.

ಕಂಪ್ಯೂಟರ್ ಕೈಕೊಟ್ಟ ಕಡೆಗೆ ಹೋಗಿ, ಕೈವಾಡ ಯಾರದೆಂದು ಪತ್ತೆ ಮಾಡುವುದು ನನ್ನ ಕೆಲಸ. ಅವತ್ತು ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯ ಡೈರೆಕ್ಟರ್ ಫೋನ್ ಮಾಡಿದ್ದರು.

"ರಕ್ತ ಇಡೋ ಫ್ರಿಜ್ ಬಿಸಿಯಾಗ್ತಿದೆ ಕಣಯ್ಯಾ. ಅಲಾರಂ ಆಫ್ ಆಗಿದೆ. ಪಾಸ್‌ವರ್ಡ್ ಗೊತ್ತಿರೋದು ಸ್ಟೋರ್ ನೋಡ್ಕೊಳ್ಳೋ ಹೆಂಗಸಿಗೆ ಮಾತ್ರ. ಎಲ್ಲೂ ಸಿಗದ ಗ್ರೂಪಿನ ಎರಡು ಚೀಲ ಅದರಲ್ಲಿದೆ. ಮಾರ್ಕೊಳ್ಳೋ ಪ್ಲಾನೇ ಇರ್ಬೇಕು!"

ಆ ಎರಡು ಚೀಲ ಒಬ್ಬ ಲಾರಿ ಡ್ರೈವರನಿಗೆ. ನಜ್ಜುಗುಜ್ಜಾದ ಕಾಲು. ಒಂಬತ್ತಕ್ಕೆ ಆಪರೇಷನ್. ತಡವಾದರೆ ಕಾಲು ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು.

ಆಕೆಯನ್ನು ಸೆಕ್ಯೂರಿಟಿ ರೂಮಿಗೆ ಎಳೆದು ತಂದೆ. ಬಾಕ್ಸ್ ತೆರೆದೆ. ಎರಡು ಚೀಲ! ಎತ್ತಿ ಮೇಜಿನ ಮೇಲಿಟ್ಟೆ.

"ಸಾಕ್ಷಿ," ಅಂದೆ.

"ಹೊರಗಿಡ್ಬೇಡಿ ಸಾರ್! ಅರ್ಧ ಗಂಟೆ ಮೀರಿದ್ರೆ ಬಿಸಾಕ್ಬೇಕಾಗುತ್ತೆ. ಎದುರು ಬಿಲ್ಡಿಂಗಲ್ಲಿ ಇನ್ನೊಂದು ಫ್ರಿಜ್ ಇದೆ. ಅಲ್ಲಿಗೇ ಓಡ್ತಿದ್ದೆ..."

"ಕತೆ ಕಟ್ಬೇಡ. ಡೈರೆಕ್ಟರಿಗೆ ಯಾಕೆ ಹೇಳ್ಲಿಲ್ಲ?"

"ನಾಲ್ಕು ಸಲ ಮಾಡ್ದೆ. ಫೋನ್ ಬಿಜಿ ಬಂತು."

ಬಿಜಿ ಬರದೆ ಏನು? ನಾನು ಆಸ್ಪತ್ರೆ ತಲುಪುವವರೆಗೂ ಅವರು ನನ್ನ ಜೊತೆಯೇ ಮಾತಾಡುತ್ತಿದ್ದರಲ್ಲ! ಅದು ನನಗೆ ಆಗ ಹೊಳೆಯಲಿಲ್ಲ. ಹೊಳೆಯಲಿ ಎಂಬ ಆಸೆಯೂ ನನಗಿರಲಿಲ್ಲ.

"ಅಲಾರಂ ಯಾಕೆ ಆಫ್ ಮಾಡ್ದೆ?"

"ಮಾಡಿಲ್ಲ ಸಾರ್! ಎಂಟು ಡಿಗ್ರಿಗೆ ಕೂಗೋ ಹಾಗಿತ್ತು. ಅದು ಜಾಸ್ತಿ ಆಯ್ತು ಅಂತ ನಿನ್ನೆ ಸೆಟ್ಟಿಂಗಲ್ಲಿ ಆರು ಡಿಗ್ರಿ ಹಾಕ್ದೆ. ಅಷ್ಟೇ."

ಚೀಲದ ಕಡೆ ಕೈ ಚಾಚಿದಳು. ತಳ್ಳಿದೆ.

"ಪೊಲೀಸರನ್ನ ಕರೀತೀನಿ!"

"ಕರೀರಿ... ನನ್ನ ಜೈಲಿಗೆ ಹಾಕಿ. ಚೀಲ ಮಾತ್ರ ಒಳಗಿಡಿ ಸಾರ್!"

ನಾನು ನಕ್ಕೆ. ಥೂ!

ನಿಧಾನವಾಗಿ ಲ್ಯಾಪ್‌ಟಾಪ್ ತೆರೆದೆ. ಅಲಾರಂ ಎಷ್ಟಕ್ಕೆ ಕೂಗಬೇಕೆಂಬ ಲೆಕ್ಕ ಮೂರು ಕಡೆಯಿಂದ ಬರುತ್ತದೆ. ಪ್ರೋಗ್ರಾಮಿನೊಳಗೇ ಒಂದು, ಆಸ್ಪತ್ರೆಯ ಫೈಲಿನಲ್ಲಿ ಒಂದು, ಸೆಟ್ಟಿಂಗ್ ಪರದೆಯಲ್ಲಿ ಒಂದು. ಕೊನೆಗೆ ಬಂದದ್ದೇ ಗೆಲ್ಲುತ್ತದೆ. ಹಾಗೆ ಗೆದ್ದದ್ದು ಅದರದರ ಖಾನೆಗೆ ಹೋಗಿ ಕೂರಬೇಕು. ಅಂಕಿಯ ಖಾನೆಗೆ ಅಂಕಿ, ಅಕ್ಷರದ ಖಾನೆಗೆ ಅಕ್ಷರ.

ಫೈಲಿನಲ್ಲಿ 8. ಪರದೆಯಲ್ಲಿ "6 ಡಿಗ್ರಿ".

"ಬರೀ ಆರು ಅಂತ ಹಾಕೋಕೇನಾಗಿತ್ತು?"

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. "ಇದು ಆಸ್ಪತ್ರೆ ಸಾರ್. ಆರು ಅಂದ್ರೆ ಏನು? ಆರು ಎಂಎಲ್ಲಾ, ಆರು ಗ್ರಾಮಾ? ಬರೀ ಅಂಕಿ ಬರೆದ್ರೆ ನಮ್ಮಲ್ಲಿ ಮೆಮೊ ಕೊಡ್ತಾರೆ."

ಪ್ರೋಗ್ರಾಮಿನ ಒಳಗನ್ನೇ ತೆರೆದು ನೋಡಿದೆ.

ಅಂಕಿಯ ಖಾನೆಗೆ ಅಕ್ಷರ ಬಂದರೆ ಪ್ರೋಗ್ರಾಂ ಬೊಬ್ಬೆ ಹಾಕಬೇಕು. "ಅರ್ಥವಾಗಲಿಲ್ಲ" ಅಂತ ನಿಂತುಬಿಡಬೇಕು. ಇದು ಹಾಗೆ ಮಾಡಿರಲಿಲ್ಲ. ಇದ್ದ ಎಂಟನ್ನೂ ಅಳಿಸಿ, ಪಿಟ್ಟೆನ್ನದೆ ಸೊನ್ನೆ ಹಾಕಿಕೊಂಡಿತ್ತು. ಆ ಪ್ರೋಗ್ರಾಮಿನಲ್ಲಿ ಸೊನ್ನೆ ಎಂದರೆ ಅಲಾರಂ ಬಂದ್!

ಯಾವ ಮುಠ್ಠಾಳ ಬರೆದದ್ದು ಇದನ್ನು?

ಆ ಸಾಲಿನ ಪಕ್ಕದಲ್ಲೇ ಟಿಪ್ಪಣಿ ಇತ್ತು. "ಸದ್ಯಕ್ಕೆ ಸೊನ್ನೆ ಇರಲಿ, ಆಮೇಲೆ ನೋಡೋಣ." ಅದರ ಕೆಳಗೆ ಮೂರು ವರ್ಷ ಹಿಂದಿನ ತಾರೀಖು, ಬರೆದವನ ಹೆಸರು.

ನನ್ನ ಹೆಸರು.

ನೆನಪಾಯಿತು... ಆಗ ನಾನು ಪ್ರೋಗ್ರಾಂ ಬರೆದುಕೊಡುವ ಕೆಲಸದಲ್ಲಿದ್ದೆ. ಇದನ್ನು ಒಪ್ಪಿಸುವ ದಿನ ಪದೇ ಪದೇ ಎರರ್ ಬರುತ್ತಿತ್ತು. ಡೈರೆಕ್ಟರ್ ಎದುರು ಮಾನ ಹೋಗಬಾರದೆಂದು ಅದರ ಬಾಯಿ ಮುಚ್ಚಿಸಿದ್ದೆ. ಆ 'ಆಮೇಲೆ' ಬರಲೇ ಇಲ್ಲ.

ತಟ್ಟನೆ ಚೀಲಗಳನ್ನು ಬಾಕ್ಸಿಗೆ ತುಂಬಲು ಹೋದೆ. ಆಕೆ ಗೋಡೆಯ ಗಡಿಯಾರ ನೋಡುತ್ತಿದ್ದಳು.

"ಬಿಡಿ ಸಾರ್. ಮೂವತ್ತೆಂಟು ನಿಮಿಷ ಆಯ್ತು. ಇನ್ನು ಕೊಡೋ ಹಾಗಿಲ್ಲ."

"ನೀವು... ನನ್ನದೇ ತಪ್ಪು, ನೀವು..."

ಈಗ ನನ್ನ ಬಾಯಲ್ಲಿ 'ನೀವು'! ಆಕೆಗೆ ಅದನ್ನು ಕೇಳಿಸಿಕೊಳ್ಳುವ ಪುರುಸೊತ್ತಿರಲಿಲ್ಲ. ಫೋನ್ ಎತ್ತಿ ಊರಿನ ರಕ್ತನಿಧಿಗಳಿಗೆಲ್ಲ ಒಂದೊಂದಾಗಿ ಮಾಡತೊಡಗಿದಳು.

ರಕ್ತ ಸಿಕ್ಕಿದ್ದು ಸಂಜೆ ನಾಲ್ಕಕ್ಕೆ. ಡ್ರೈವರ್ ಬದುಕಿದ. ಮಂಡಿಯಿಂದ ಕೆಳಗೆ ಕಾಲು ತೆಗೆದರು.

ಡೈರೆಕ್ಟರ್ ಕರೆಸಿದರು. "ಹೆಂಗಸು ತಪ್ಪು ಟೈಪ್ ಮಾಡಿದ್ಲು ಅಂತ ರಿಪೋರ್ಟ್ ಬರಿ. ನಿನಗೂ ಒಳ್ಳೇದು, ನನಗೂ ಒಳ್ಳೇದು."

ತಲೆಯಾಡಿಸಿದೆ. ಹೌದು, ಆಡಿಸಿದೆ! ಹೊರಗೆ ಬಂದರೆ ವಾರ್ಡಿನ ಬಾಗಿಲಲ್ಲಿ ಡ್ರೈವರನ ಹೆಂಡತಿ. ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ರಕ್ತ ಕದ್ದೋಳನ್ನ ಹಿಡಿದಿದ್ದು ನೀವೇ ಅಂತಲ್ಲ ಅಣ್ಣಾ... ನಿಮ್ಮಂಥೋರು ಇರ್ಬೇಕು."

ಅಲ್ಲಿಂದ ಓಡಿಹೋಗಬೇಕೆನಿಸಿತು. ಕಾಲು ಕೀಳಲಾಗಲಿಲ್ಲ.

"ಆಕೆ ಏನೂ ಕದ್ದಿಲ್ಲಮ್ಮ. ಕದ್ದಿದ್ದು ನಾನು."

"ನೀವಾ? ಏನು ಕದ್ರಿ ಅಣ್ಣಾ?"

"ನಿಮ್ಮ ಯಜಮಾನರ ಕಾಲು."