ಪ್ಯಾಸೇಜಿನಲ್ಲಿ ಇಲ್ಲದ ಉತ್ತರ

“ಪ್ಯಾಸೇಜಲ್ಲಿ ಕಾಫಿ ಕೊಯ್ಲು ಮೇ ತಿಂಗಳು ಅಂತಿದೆ. ನೀವು ಡಿಸೆಂಬರ್ ಅಂತ ಬರ್ದಿದ್ದೀರಿ.”

“ಹಣ್ಣು ಕೊಯ್ಯೋದು ಡಿಸೆಂಬರಲ್ಲೇ ಅಲ್ವಾ ಟೀಚರ್?” ಉಮೇಶ್ ತಲೆ ಕೆರೆದುಕೊಂಡ. “ಮೇನಲ್ಲಿ ಗಿಡದಲ್ಲಿ ಏನಿರ್ತದೆ?”

“ಇದು ಕೊಲಂಬಿಯಾದ ತೋಟ. ನಿಮ್ಮ ಜಾವಳಿ ಎಸ್ಟೇಟ್ ಅಲ್ಲ.”

ಕೃತಿಕಾ ನಗು ತಡೆದುಕೊಂಡಳು. ತಡೆಯಬೇಕಾದಂಥ ನಗು ಬಂದದ್ದೇ ಅವಳಿಗೆ ಅಚ್ಚರಿ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಓದಿದ ಇಂಗ್ಲಿಷ್ ಎಂ.ಎ. ವ್ಯರ್ಥವಾಗದಿರಲಿ ಎಂದು ಪಂಚಾಯಿತಿ ಲೈಬ್ರರಿಯಲ್ಲಿ ಸಂಜೆ ಪಾಠ ಶುರುಮಾಡಿದ್ದಳು. ಬಂದವರೆಲ್ಲ ಒಬ್ಬೊಬ್ಬರಾಗಿ ಬಿಟ್ಟರು. ಎಸ್ಟೇಟಿನ ಪಿಕಪ್ ಓಡಿಸುವ ಉಮೇಶ್ ಮಾತ್ರ ಉಳಿದ.

ನಾಳೆ ಅವನಿಗೆ ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸೊಂದರಲ್ಲಿ ಪರೀಕ್ಷೆ. ಇಂಗ್ಲಿಷ್ ಓದಿ ಉತ್ತರಿಸಬೇಕು. ಕೊಟ್ಟ ವಾಕ್ಯವನ್ನು ಅರ್ಥ ಕೆಡದಂತೆ ಬೇರೆ ಮಾತಿನಲ್ಲಿ ಬರೆಯಬೇಕು. ಪಾಸಾದರೆ ಸ್ಟೀರಿಂಗ್ ಬಿಟ್ಟು ಕ್ವಾಲಿಟಿ ವಿಭಾಗದ ಮೇಜು.

“ನಿಮಗೆ ಗೊತ್ತಿರೋದನ್ನ ಬರೀಬೇಡಿ. ಎದುರಿಗೇನಿದೆಯೋ ಅದನ್ನ ಓದಿ.”

“ಅದನ್ನೇ ಓದ್ತಾ ಇದ್ದೀನಿ,” ಅಂದ. ಅವನ ಕಣ್ಣು ಪುಸ್ತಕದ ಮೇಲಿರಲಿಲ್ಲ.

ಅವಳು ಬೇಗ ಇನ್ನೊಂದು ವಾಕ್ಯ ಕೊಟ್ಟಳು: ಮಳೆಯಿಂದಾಗಿ ಕಾಫಿ ಒಣಗುವುದು ತಡವಾಯಿತು. ಅವನು ತಿದ್ದಿ ತಿದ್ದಿ ಬರೆದ ಇಂಗ್ಲಿಷ್‌ನ ಅರ್ಥ ಹೀಗಿತ್ತು: ಬಿಸಿಲು ಬರಲಿಲ್ಲ, ಕಾಫಿ ಕಣದಲ್ಲೇ ಕಾದು ಕೂತಿತು.

“ಚೆನ್ನಾಗಿದೆ. ಆದ್ರೆ ಕಾಫಿ ಕಾಯೋದಿಲ್ಲ, ಉಮೇಶ್.”

“ಎಲ್ಲವೂ ಕಾಯ್ತವೆ ಟೀಚರ್.” ಪುಸ್ತಕ ಮುಚ್ಚಿ ಹೇಳಿದ, “ನಾಳೆ ಮೊದಲ ಬಸ್ಸಿಗೆ ಹೊರಡ್ತೀನಿ. ನಿಮ್ಮ ಮುಖ ನೋಡಿ ಹೊರಡ್ಬೇಕು. ಸ್ಟಾಪಿಗೆ ಬನ್ನಿ.”

ಅವಳ ಕೈಯಲ್ಲಿದ್ದ ಪೆನ್ನು ನಿಂತಿತು. ಮನೆಯಲ್ಲಿ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ಅವಳು ತಾನಾಗಿಯೇ ಒಳಕೋಣೆಗೆ ಹೋಗುತ್ತಿದ್ದಳು. ಯಾರೂ ಹೋಗೆನ್ನುತ್ತಿರಲಿಲ್ಲ. ಬೇಡವೆಂದೂ ಅನ್ನುತ್ತಿರಲಿಲ್ಲ.

“ವಿಧವೆ ಎದುರು ಬಂದ್ರೆ ಹೋದ ಕೆಲ್ಸ ಕೆಡ್ತದಂತೆ. ಗೊತ್ತಿಲ್ವಾ?”

“ಅದು ಊರವರ ಉತ್ತರ. ನಾನು ಕೇಳಿದ್ದು ನಿಮ್ಮನ್ನ.”

ಅವಳು ಕಿಟಕಿ ಮುಚ್ಚಿ ಚಿಲಕ ಹಾಕಿದಳು. “ಕತ್ತಲಾಯ್ತು. ಹೊರಡಿ.”

ಬೆಳಿಗ್ಗೆ, ಹೋಗಬಾರದು ಅಂದುಕೊಂಡರೂ ಕಾಲುಗಳು ಅವಳ ಮಾತು ಕೇಳಲಿಲ್ಲ. ಬಂದರೂ ಸ್ಟಾಪಿನ ಹತ್ತಿರದ ಹಾಲಿನ ಡೇರಿಯ ಗೋಡೆಯ ಮರೆಯಲ್ಲೇ ನಿಂತಳು. ಸ್ಟಾಪಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಉಮೇಶ್, ಪಕ್ಕದಲ್ಲಿ ಅವನ ತಾಯಿ ಮುತ್ತಮ್ಮ. ಬಸ್ಸು ಬಂತು. ಎಲ್ಲರೂ ಹತ್ತಿದರು. ಅವನು ಹತ್ತಲಿಲ್ಲ.

“ಹತ್ತೋ ಮಾರಾಯ! ಮುಂದಿನ ಬಸ್ಸಿಗೆ ಹೋದ್ರೆ ಪರೀಕ್ಷೆ ಸಿಗ್ತದಾ?” ಮುತ್ತಮ್ಮ ಅವನ ತೋಳು ಎಳೆದಳು.

“ಒಬ್ರು ಬರೋದಿದೆ, ಅಮ್ಮ.”

“ಯಾರು?”

ಅವನು ರಸ್ತೆಯ ಆಚೆ ಈಚೆ ನೋಡಿದ. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಕೂಗಿದ: “ಏನಣ್ಣಾ, ಬಸ್ಸಿಗೆ ಬಂದದ್ದಾ, ಹೆಣ್ಣು ನೋಡೋಕೆ ಬಂದದ್ದಾ? ರೈಟ್!”

ಬಸ್ಸು ಅಲುಗಿತು. ಉಮೇಶ್ ಅಲುಗಲಿಲ್ಲ.

ಎದುರು ಹೋದರೆ ಅಪಶಕುನ. ಹೋಗದಿದ್ದರೆ ಅವನ ಕೆಲಸ ಅವಳ ಕಣ್ಣೆದುರೇ ಹೋಗುತ್ತದೆ. ಕಂಡಕ್ಟರ್ ಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ಕೃತಿಕಾ ರಸ್ತೆಗಿಳಿದಿದ್ದಳು. ಓರೆಯಾಗಿ ಅಲ್ಲ. ನೇರ ಅವನ ಎದುರಿಗೆ ಬಂದು ನಿಂತಳು. ಬಸ್ಸಿನ ಕಿಟಕಿಗಳೆಲ್ಲ ಮುಖಗಳಾದವು. ಮುತ್ತಮ್ಮನ ಕೈ ಮಗನ ತೋಳಿನಿಂದ ಜಾರಿತು.

ಉಮೇಶ್ ಅವಳನ್ನು ನೋಡಿದ, ಆತುರವೇ ಇಲ್ಲದವನಂತೆ.

“ಹತ್ತಿ,” ಅಂದಳು ಏದುಸಿರಿನಲ್ಲಿ. “ಪಾಸಾದ್ರೂ ಆಗದಿದ್ರೂ ಸಂಜೆ ಇಲ್ಲೇ ನಿಂತಿರ್ತೀನಿ. ಗೋಡೆ ಹಿಂದೆ ಅಲ್ಲ.”

ಅವನು ಓಡಿ ಫುಟ್‌ಬೋರ್ಡಿಗೆ ಹಾರಿದ. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಈಗ ಮುತ್ತಮ್ಮ ಮತ್ತು ಅವಳು ಇಬ್ಬರೇ. ಕೃತಿಕಾ ಬೈಗುಳಕ್ಕೆ ಸಿದ್ಧಳಾಗಿ ನಿಂತಳು. ಮುತ್ತಮ್ಮ ಸೆರಗು ಸರಿಮಾಡಿಕೊಂಡು ಖಾಲಿ ರಸ್ತೆಯ ಕಡೆ ನೋಡಿದಳು. ಆಮೇಲೆ ಮುಖ ತಿರುಗಿಸದೆಯೇ ಹೇಳಿದಳು:

“ಸಂಜೆ ಇಲ್ಲಿ ಮಂಜು ಬೀಳ್ತದೆ, ಅಮ್ಮ. ಶಾಲು ಹೊದ್ಕೊಂಡು ಬನ್ನಿ.”