ಗುರಾಣಿಯವನ ಪಾಲು

ಬಾಗಿಲಲ್ಲಿ ನಿಂತವನನ್ನು ಕಂಡು ಅವಳ ಬೆರಳುಗಳು ಕೀಬೋರ್ಡಿನ ಮೇಲೆಯೇ ನಿಂತುಹೋದವು.

ಇವನನ್ನು ಯಾರು ಕರೆದರು...?

"ನಾನೇ ಕರೆಸಿದ್ದು," ಎಂದರು ಅವಳ ಸೋದರಮಾವ. ಟೈರ್ ಅಂಗಡಿಯ ಮೇಲಿನ ಈ ಒಂದೇ ಕೋಣೆಯಲ್ಲಿ ಆನ್‌ಲೈನ್ ಆಟವೊಂದನ್ನು ನಡೆಸುತ್ತಿದ್ದವರು ಅವರು. "ಅಂಕದ ಪಾಲು ಬರ್ತಿಲ್ಲ ಅಂತ ಜಗಳಕ್ಕೆ ಬರ್ತಿರೋರೆಲ್ಲ ಆಟದಲ್ಲಿ ಗುರಾಣಿ ಹಿಡಿಯೋರೇ. ಇವನಷ್ಟು ಚೆನ್ನಾಗಿ ಗುರಾಣಿ ಹಿಡಿಯೋರು ಯಾರಿದ್ದಾರೆ? ಮೂತಿ ಊದಿಸ್ಕೊಳ್ದೆ ಇಬ್ಬರೂ ಕೂತು ಸರಿಮಾಡಿ."

ಅವರು ಟೀ ಕುಡಿಯಲು ಕೆಳಗಿಳಿದರು. ಫ್ಯಾನಿನ ಸದ್ದು ದೊಡ್ಡದಾಯಿತು.

ತಂಡವಾಗಿ ಆಡುವವರು ರಾಕ್ಷಸನನ್ನು ಕೊಂದರೆ ಅನುಭವದ ಅಂಕ ಎಲ್ಲರಿಗೂ ಸಮನಾಗಿ ಹಂಚಿಹೋಗಬೇಕು. ಆ ಹಂಚಿಕೆ ಮಾಡುವ ಪುಟ್ಟ ಪ್ರೋಗ್ರಾಂ, ಪ್ಲಗಿನ್, ಬರೆದವಳು ಅವಳೇ. ಜೊತೆಗೆ ಆಡಿ ಪರೀಕ್ಷಿಸುವ ಕೆಲಸದಲ್ಲಿದ್ದವನು, ಜೊತೆಗೆ ಬಾಳುತ್ತೇನೆಂದು ಮಾತು ಕೊಟ್ಟವನು ಇವನು. ಆಟದಲ್ಲಿ ಅವಳ ಪಾತ್ರವಾದ ಬಿಲ್ಲುಗಾತಿ ಮಟ್ಟ ಏರುತ್ತಲೇ ಹೋದಳು; ಇವನ ಪಾತ್ರವಾದ ಗುರಾಣಿಯವನು ಇದ್ದಲ್ಲೇ ಇದ್ದ. ಒಂದು ದಿನ ಎಲ್ಲರೆದುರೇ ಅಂದುಬಿಟ್ಟಿದ್ದಳು: "ನೀನು ಮನಸ್ಸಿಟ್ಟು ಆಡೋದೇ ಇಲ್ಲ. ನನ್ನ ಜೊತೆ ಇರೋದೂ ಹಾಗೇ, ಕಾಟಾಚಾರಕ್ಕೆ."

ಅವನು ಹೆಡ್‌ಫೋನ್ ಕಳಚಿ ಮೊಳೆಗೆ ನೇತುಹಾಕಿ ಹೊರಟುಹೋಗಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅವಳಿಗೆ ಬೆಳಗಾಗುವುದೇ ಬೇಡವಾಗಿತ್ತು. ಆ ಹೆಡ್‌ಫೋನಿನ ಧೂಳು ಒರೆಸುತ್ತಿದ್ದಳೇ ಹೊರತು, ಫೋನ್ ಮಾಡಲು ಬಿಗುಮಾನ ಬಿಡುತ್ತಿರಲಿಲ್ಲ.

"ಶುರು ಮಾಡೋಣ್ವಾ?" ಎಂದ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ...

"ನಾನು ಎಷ್ಟೋ ಸಲ ಆಡಿ ನೋಡಿದೆ," ಎಂದಳು ಅವಳು, "ಜೊತೆಗೊಂದು ಗೊಂಬೆ ಪಾತ್ರ ಇಟ್ಕೊಂಡು. ಪಾಲು ಸರಿಯಾಗೇ ಬಂತು."

"ಗೊಂಬೆ ಏನು ಮಾಡ್ತಿತ್ತು?"

"ಸುಮ್ನೆ ನಿಂತಿತ್ತು."

"ಈ ಸಲ ನಿನ್ನ ಪರದೆ ಬಿಟ್ಟು ನನ್ನದನ್ನ ನೋಡು."

ನೋಡಿದಳು. ರಾಕ್ಷಸ ಬಿಲ್ಲುಗಾತಿಯ ಮೇಲೆ ಕೊಡಲಿ ಎತ್ತಿದ. ಗುರಾಣಿಯವನು ಓಡಿಬಂದು ಅಡ್ಡ ನಿಂತು, ಏಟು ತಿಂದು ಸತ್ತುಬಿದ್ದ. ಮರುಕ್ಷಣ ಅವಳ ಬಾಣಕ್ಕೆ ರಾಕ್ಷಸ ಉರುಳಿದ. ಅಂಕವೆಲ್ಲ ಅವಳಿಗೆ ಬಂತು. ಅವನ ಪರದೆಯಲ್ಲಿ ಸೊನ್ನೆ.

ಬದುಕಿರುವವರಿಗೆ ಮಾತ್ರ ಪಾಲು... ಆ ಸಾಲು ಬರೆದವಳು ತಾನೇ! ಯಾರಿಗೋಸ್ಕರ ಸತ್ತರು ಎಂದು ಅವಳ ಪ್ಲಗಿನ್ ಕೇಳಿರಲೇ ಇಲ್ಲ. ಅವಳೂ ಕೇಳಿರಲಿಲ್ಲ.

"ಪ್ರತಿ ಸಲ ಹೀಗೇ ಆಗ್ತಿತ್ತಾ?"

"ಹೂಂ."

"ಹೇಳ್ಬಾರದಿತ್ತಾ...?"

"ನೀನೇ ಇಟ್ಟ ನಿಯಮ ಅಂದ್ಕೊಂಡೆ," ಎಂದ ಅವನು ಮೆಲ್ಲಗೆ.

ಅವಳಿಗೆ ಅಳು ಒತ್ತರಿಸಿ ಬಂತು. ಕಣ್ಣು ಮಂಜಾಗಿದ್ದರೂ ಆ ಸಾಲನ್ನು ಅಳಿಸಿ, ಕಾಳಗದಲ್ಲಿ ಜೊತೆಗಿದ್ದ ಎಲ್ಲರಿಗೂ ಪಾಲು ಎಂದು ಬರೆದಳು.

ಮತ್ತೆ ಆಡಿದರು. ಈ ಸಲ ಕೊಡಲಿ ಎದ್ದದ್ದೇ ತಡ, ಬಿಲ್ಲುಗಾತಿ ಓಡಿಹೋಗಿ ಗುರಾಣಿಯವನಿಗೆ ಅಡ್ಡ ನಿಂತು ಏಟು ತಿಂದಳು. ಅವಳ ಪರದೆ ಕಪ್ಪಾಯಿತು. ಅವನು ಒಬ್ಬನೇ ರಾಕ್ಷಸನನ್ನು ಕೆಡವಿದ. ಎರಡೂ ಪರದೆಗಳಲ್ಲಿ ಒಂದೇ ಅಂಕ ಮೂಡಿತು.

"ನಾಳೆ ಬರ್ತೀಯಾ?" ಎಂದು ಕೇಳಿದಳು.

"ಬೇರೆ ಕಡೆ ಕೆಲಸಕ್ಕೆ ಸೇರಾಯ್ತು."

ಈ ಸಲ ಅವಳು ಮಾತು ನುಂಗಲಿಲ್ಲ. "ಕೆಲಸಕ್ಕಲ್ಲ... ನನ್ನ ಹತ್ರ. ತಪ್ಪು ನಂದು. ನೀನಿಲ್ದೆ ನಂಗಾಗಲ್ಲ."

ಅವನು ಎದ್ದು ಮೊಳೆಯಿಂದ ಹೆಡ್‌ಫೋನ್ ತೆಗೆದ. ತಿರುಗಿಸಿ ನೋಡಿದ. ಧೂಳಿರಲಿಲ್ಲ. ಮತ್ತೆ ಅಲ್ಲೇ ನೇತುಹಾಕಿದ.

"ತಗೊಂಡು ಹೋಗಲ್ವಾ?"

"ನಾಳೆ ಬಂದಾಗ ಬೇಕಾಗುತ್ತಲ್ಲ," ಎಂದ.